ಬದಲಿ ಅಲ್ಲ, ವಾರಬಂದಿ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಆವತ್ತು ಮಾತ್ರ ಅದು ನನ್ನ ಮೇಲೆಯೇ ಬಂತು.

ಹುಣಸಗಿಯಿಂದ ಸುರಪುರಕ್ಕೆ ಹೋಗುವ ರಸ್ತೆಯ ಒಂದು ರೈಸ್ ಮಿಲ್ಲಿನಲ್ಲಿ ನಾನು ಸೂಪರ್‌ವೈಸರ್. ನಮ್ಮಲ್ಲಿ ಯಾವ ಕೆಲಸಕ್ಕೆ ಸೇರಿದರೋ ಕಡೆತನಕ ಅದೇ ಕೆಲಸ. ಚೀಲ ಹೊರುವವನು ಹೊರುತ್ತಲೇ ಇರಬೇಕು, ಚೀಲದ ಬಾಯಿ ಹೊಲಿಯುವವಳು ಹೊಲಿಯುತ್ತಲೇ ಇರಬೇಕು. ನಾವೆಲ್ಲ ಕಾಕಾ ಎನ್ನುವ ಹಿರಿಯ ಹಮಾಲರ ಸೊಂಟ ಹಿಡಿದುಕೊಂಡದ್ದೂ ಹಾಗೆಯೇ. ಮಾಲೀಕರು ನನ್ನನ್ನು ಕರೆದು, "ಕಾಕಾನ ಕೈಲಿ ಇನ್ನ ಆಗಂಗಿಲ್ಲ. ಮನಿಗೆ ಕಳಸು" ಅಂದರು.

ನನ್ನ ತಲೆ ಕೆಟ್ಟಿತು. "ಎಲ್ಲಾರೂ ಎಲ್ಲಾ ಕೆಲಸ ಹಂಚಿಕೊಂಡು ಮಾಡಿದ್ರ ಆಗ್ತದ್ರಿ. ಒಂದಽ ದಿನ ನೋಡ್ರಿ" ಎಂದು ಜಗಳಕ್ಕೇ ನಿಂತೆ.

"ಆತು. ನಾಳಿ ಸಂಜಿ ಒಳಗ ಲಾರಿ ತುಂಬಬೇಕು. ತುಂಬಲಿಲ್ಲಂದ್ರ ಕಾಕಾ ನಾಡಿದ್ದ ಬರೂದು ಬ್ಯಾಡ" ಅಂದರು.

ಖುಷಿಗೆ ನನಗೆ ಹಿಂದೆಮುಂದೆ ಕಾಣಲಿಲ್ಲ. ಕೂಡಲೇ ವಾಟ್ಸಾಪ್ ಗ್ರೂಪಿಗೆ ಬರೆದೆ: "ನಾಳೆಯಿಂದ ಎಲ್ಲರಿಗೂ ಬದಲಿ." ಕೆಲಸ ಬದಲಾಗುತ್ತದೆ ಎಂಬುದು ನನ್ನ ಅರ್ಥ. ಹಮಾಲರಲ್ಲಿ ಬದಲಿ ಅಂದರೆ ತಾನು ಬರಲಾಗದ ದಿನ ತನ್ನ ಜಾಗಕ್ಕೆ ಕಳಿಸುವ ಆಳು. ಅದು ನನಗೆ ಹೊಳೆಯಲೇ ಇಲ್ಲ, ನೋಡಿ!

ಬೆಳಿಗ್ಗೆ ಗೇಟಿನ ಮುಂದೆ ಜನವೋ ಜನ. ಒಬ್ಬ ದೋರನಹಳ್ಳಿಯಿಂದ ಭಾವಮೈದುನನನ್ನು ಕರೆಸಿದ್ದ, ಇನ್ನೊಬ್ಬ ಅಳಿಯನನ್ನೇ ಎಬ್ಬಿಸಿಕೊಂಡು ಬಂದಿದ್ದ. "ಬದಲಿ ಅಂದೀರಲ್ರಿ, ತಂದೇವಿ!" ಕಾಕಾ ಮಾತ್ರ ಒಬ್ಬರೇ ಬಂದು, ಚೀಲ ಎಳೆಯುವ ಕೊಕ್ಕೆಯನ್ನು ನನ್ನ ಟೇಬಲ್ಲಿನ ಮೇಲಿಟ್ಟರು. "ನನಗ ಬದಲಿ ಬರಾಂವ ಯಾರೂ ಇಲ್ಲ ತಮ್ಮಾ. ನೀನಽ ಯಾರನ್ನರ ನೋಡಿಕೋ."

ಹಣೆ ಚಚ್ಚಿಕೊಂಡು ಎಲ್ಲರಿಗೂ ವಿವರಿಸಿದೆ. ಒಬ್ಬರ ಮುಖವೂ ಅರಳಲಿಲ್ಲ. ಕೊನೆಗೆ ಹೊಲಿಗೆ ಮಷೀನಿನ ಅಕ್ಕ ಬಿದ್ದು ಬಿದ್ದು ನಕ್ಕಳು. "ಅಯ್ಯ ಅಣ್ಣಾರ, ಇದು ಬದಲಿ ಅಲ್ಲ, ವಾರಬಂದಿ! ಹಂಗ ಅನ್ನಬಾರದಾ?"

ಅಷ್ಟೇ ಸಾಕಾಯಿತು! ಕಾಲುವೆ ನೀರಿನ ಮೇಲೆ ಬದುಕುವ ಜನ ನಾವು. ಇಷ್ಟು ಹೊತ್ತು ಇವನ ಹೊಲಕ್ಕೆ ನೀರು, ಆಮೇಲೆ ಅವನದಕ್ಕೆ, ಕಡೆಯ ಹೊಲದವನಿಗೂ ತಪ್ಪದ ಪಾಳಿ. ಅದಕ್ಕೇ ವಾರಬಂದಿ ಅನ್ನುವುದು. ಒಂದು ಮಾತಿಗೆ ಎಲ್ಲರ ಬಾಯಿ ಬಿಚ್ಚಿತು, ಭಾವಮೈದುನ ಅಳಿಯಂದಿರು ನಗುತ್ತ ಮನೆಗೆ ಹೋದರು.

ನಾನು ಮಾಡಿ ತಂದಿದ್ದ ಪಟ್ಟಿ ಮಾತ್ರ ಚಿಂದಿಯಾಯಿತು. ವಾರಕ್ಕೊಮ್ಮೆ ಕೆಲಸ ಬದಲಿಸೋಣ ಎಂದು ಬರೆದಿದ್ದೆ. "ಒಂದು ವಾರ ಹೊತ್ತಾಂವ ಶನಿವಾರಕ್ಕ ಹಾಸಿಗಿ ಹಿಡೀತಾನ್ರಿ. ಒಂದು ಚಾದಿಂದ ಇನ್ನೊಂದು ಚಾಕ್ಕ ಪಾಳಿ ಬದಲಾಗ್ಲಿ" ಅಂದ ಒಬ್ಬ ಹಮಾಲ. ಹೊತ್ತವನಿಗೆ ದಣಿವಾರಲಿ ಎಂದು ನೆಲದ ತೌಡು ಗುಡಿಸುವ ಕೆಲಸ ಇಟ್ಟಿದ್ದೆ. ಅಕ್ಕ ಕಸಬರಿಗೆಯನ್ನು ನನ್ನ ಕೈಗೇ ತುರುಕಿದಳು. "ಬಗ್ಗಿ ಕಸ ಹೊಡದು ನೋಡ್ರಿ, ಆಮ್ಯಾಲ ಆರಾಮ ಅನ್ರಿ." ಒಂದು ಮೂಲೆ ಗುಡಿಸುವಷ್ಟರಲ್ಲಿ ಸೊಂಟ ಚುಳ್ ಎಂದಿತು! ಎಲ್ಲರೂ ಕೇಕೆ ಹಾಕಿದರು. ಹೊತ್ತ ಮೇಲೆ ನೆಟ್ಟಗೆ ನಿಂತು ಮಾಡುವ ಹೊಲಿಗೆ, ಆಮೇಲೆ ತೂಕ, ಕಡೆಗೆ ತೌಡು ಎಂದು ಅವರೇ ಗೊತ್ತು ಮಾಡಿದರು. ಅದು ನನ್ನ ಪಟ್ಟಿಗಿಂತ ಎಷ್ಟೋ ಪಾಲು ಚೆನ್ನಾಗಿತ್ತು, ಒಪ್ಪಿಕೊಂಡೆ.

ಕಾಕಾಗೆ ಹೊರುವ ಪಾಳಿ ಬೇಡ ಎಂದೆ. ಕಾಕಾ ಕೊಕ್ಕೆ ಎತ್ತಿಕೊಂಡು ನನ್ನನ್ನೇ ದುರುಗುಟ್ಟಿ ನೋಡಿದರು. "ದಯಾ ತೋರಸಬ್ಯಾಡ. ದಿನಾಪೂರ್ತಿ ಹೊರಾಕ ಆಗಂಗಿಲ್ಲ, ಒಂದು ಪಾಳಿ ಹೊರ್ತೇನಿ."

ಮಧ್ಯಾಹ್ನದ ಹೊತ್ತಿಗೆ ಲಾರಿ ಅರ್ಧವೂ ತುಂಬಿರಲಿಲ್ಲ. ಹೊಸ ಕೈಗಳಲ್ಲಿ ಹೊಲಿಗೆಯ ದಾರ ಹರಿಯುತ್ತಲೇ ಇತ್ತು. ನಾನು ಕೂಗಾಡಿದೆ. "ನೀವು ಬಾಯಿ ಮುಚ್ರಿ, ನಾ ಕಲಸಾಕತ್ತೇನಿ" ಎಂದು ಅಕ್ಕ ಗದರಿದಳು. ಕಲಿಸಿಯೇಬಿಟ್ಟಳು! ಊಟದ ನಂತರ ಕೆಲಸ ಓಡತೊಡಗಿತು. ದಿನಾ ಈ ಹೊತ್ತಿಗೆ ಸೊಂಟಕ್ಕೆ ಕೈಕೊಟ್ಟು ಕೂರುತ್ತಿದ್ದವರು ಆವತ್ತು ಒಬ್ಬರನ್ನೊಬ್ಬರು ಛೇಡಿಸುತ್ತ ಓಡಾಡುತ್ತಿದ್ದರು.

ಕಡೆಯ ಚಹಾದ ಮೇಲೆ ಕಾಕಾ ಹೊರುವ ಪಾಳಿಗೆ ಬಂದರು. ಚೀಲ ಬೆನ್ನಿಗೆ ಬಿತ್ತು, ಲಾರಿಗೆ ಹಾಕಿದ್ದ ಹಲಗೆ ಏರಿದರು. ಇಳಿದು ಬಂದು ಇನ್ನೊಂದಕ್ಕೆ ಬೆನ್ನು ಕೊಟ್ಟರು, ಮತ್ತೊಂದಕ್ಕೂ! ಬಿಸಿಲು ಇನ್ನೂ ಇರುವಾಗಲೇ ಲಾರಿ ತುಂಬಿತು. ನಾನು ಹುಚ್ಚನ ಹಾಗೆ ಸೀಟಿ ಹೊಡೆದೆ.

ಮಾಲೀಕರು ಬಂದು ಲಾರಿಯ ಸುತ್ತ ಒಂದು ಸುತ್ತು ಹಾಕಿ, ಹಗ್ಗ ಎಳೆದು ನೋಡಿದರು. ಕಾಕಾನ ಕಡೆ ತಿರುಗಿ, "ನಾಳಿ ನಿಮ್ಮ ಪಾಳಿ ಎಲ್ಲಿಂದ ಶುರು?" ಅಂದರು.

"ಹೊಲಿಗಿಯಿಂದ್ರಿ" ಅಂದರು ಕಾಕಾ. ಬೆವರು ಒರೆಸಲೆಂದು ಟವೆಲ್ಲಿನಿಂದ ಮುಖ ಮುಚ್ಚಿಕೊಂಡವರು ಬಹಳ ಹೊತ್ತು ತೆಗೆಯಲೇ ಇಲ್ಲ.