ಯಾವ ಹೊತ್ತಿನ ಅಳತೆ

ಎರಡು ಸಾವಿರದ ಆರೋ ಏಳೋ ಇರಬೇಕು. ಶಿರವಾಡದ ನಮ್ಮ ಮನೆಯಲ್ಲಿ ಅಮ್ಮನಿಗೆ ಮರೆವಿನ ಕಾಯಿಲೆ ಹೆಚ್ಚಾಗಿತ್ತು. ನೋಡಿಕೊಳ್ಳುವವನು ಅಪ್ಪ. ನಾನು ದಿನಾ ಅಂಕೋಲೆಯ ಬ್ಯಾಂಕಿಗೆ ಹೋಗಿ ಬರುವವಳು. ಮನೆ ಮುಟ್ಟುವಾಗ ಕತ್ತಲಾಗಿ, ಅಮ್ಮ ಉಂಡು ಮಲಗಿರುತ್ತಿದ್ದಳು. "ಸ್ವಲ್ಪ ತಾಳ್ಮೆ ಇರ್ಲಿ ಅಪ್ಪಾ" ಎಂದು ಬುದ್ಧಿ ಹೇಳಲಿಕ್ಕೆ ಮಾತ್ರ ನಾನು ಮುಂದೆ. ದೂರದ ಬೆಟ್ಟ ನುಣ್ಣಗೆ. ಭಾನುವಾರವೂ ಅಪ್ಪ ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ, ಅವಳಿಗೆ ತನ್ನ ಕೈಯೇ ಆಗಬೇಕೆಂಬ ಹಟ.

ಅಪ್ಪ ಬಂದರಿನಲ್ಲಿ ಕಡಲಿನ ಭರತಿ ಇಳಿತದ ನೀರಿನ ಮಟ್ಟವನ್ನು ಹೊತ್ತು ಹೊತ್ತಿಗೆ ನೋಡಿ ಬರೆಯುವ ಕೆಲಸ ಮಾಡಿ ನಿವೃತ್ತನಾದವನು. ಒಂದು ಭಾನುವಾರ ಕಾಲೇಜಿನ ಹುಡುಗಿಯೊಬ್ಬಳು ಅಧ್ಯಯನಕ್ಕೆಂದು ಬಂದಳು. ಇಂಥ ರೋಗಿಗಳನ್ನು ನೋಡಿಕೊಳ್ಳುವವರ ತಲೆಯಲ್ಲಿ ಏಳುವ ವಿಚಾರಗಳಲ್ಲಿ ಯಾವುದು ಕೈಹಿಡಿಯುತ್ತದೆ, ಯಾವುದು ಕುಗ್ಗಿಸುತ್ತದೆ ಎಂದು ಅವಳು ಅಳೆಯುತ್ತಿದ್ದಳು. ಒಂದೊಂದೇ ವಿಚಾರ ಅವಳು ಓದಬೇಕು. ಹಾಗೆ ಎಷ್ಟು ಅನ್ನಿಸುತ್ತದೆಂದು ಅಪ್ಪ ಸೊನ್ನೆಯಿಂದ ನಾಲ್ಕರೊಳಗೆ ಹೇಳಬೇಕು. ವಿಚಾರಕ್ಕೂ ಅಳತೆಗೋಲೇ ಎಂದು ನನಗೆ ನಗು.

"'ಇವಳು ಬೇಕಂತಲೇ ಹೀಗೆ ಮಾಡ್ತಾಳೆ.' ಎಷ್ಟು ಅಂಕಲ್?"

"ಯಾವ ಹೊತ್ತಿಗೆ?" ಎಂದ ಅಪ್ಪ.

ಹುಡುಗಿ ಕಾಗದದಿಂದ ತಲೆಯೆತ್ತಿದಳು.

"ಹೊತ್ತು ಹೇಳ್ದೆ ಮಟ್ಟ ಹೆಂಗೆ ಹೇಳೂದು ತಂಗೀ? ಬೆಳಿಗ್ಗೆ ಸೊನ್ನೆ. ದೀಪ ಹಚ್ಚೂ ಹೊತ್ತಿಗೆ ಮೂರು. ಅವಳು ಮಲಗಿದ ಮೇಲೆ ಮತ್ತೆ ಸೊನ್ನೆ."

ಎಲ್ಲದಕ್ಕೂ ಹೀಗೇ. 'ನನಗೂ ವಿಶ್ರಾಂತಿ ಬೇಕು' ಎಂಬುದಕ್ಕೆ ಮಾತ್ರ ಯಾವ ಹೊತ್ತಿಗೂ ಸೊನ್ನೆ. ಕೊನೆಗೆ ಅವಳು ಕೇಳದೇ ಇದ್ದದ್ದೊಂದನ್ನು ತಾನೇ ಹೇಳಿದ: "'ಇವಳು ಹೋಗ್ಬಿಟ್ರೆ ಸಾಕು.' ಅದು ಸಂಜೆಗೆ ನಾಲ್ಕು. ಇಂಥವನ ಕೈಲಿ ಅವಳನ್ನ ಬಿಡ್ಬಹುದಾ, ಹೇಳು."



"ಬಿಡ್ಬಹುದು ಅಂಕಲ್," ಎಂದಳು ಹುಡುಗಿ ಮೆಲ್ಲಗೆ. "ಆ ಹೊತ್ತಿಗೆ ಇನ್ನೊಬ್ರು ಇರ್ಲಿ, ಅಷ್ಟೇ." ಅಪ್ಪ ನನ್ನ ಕಡೆ ನೋಡಿದ.

ಮರುದಿನ ಮ್ಯಾನೇಜರಿಗೆ ಹೇಳಿ ಸಂಜೆ ಮನೆಗೆ ಮುಂಚಿನ ಬಸ್ಸು ಹಿಡಿದೆ. ಅಪ್ಪ ಈ ಸಲ ಹಟ ಮಾಡದೆ, ಅಮ್ಮನನ್ನು ನನಗೆ ಬಿಟ್ಟು ಚಪ್ಪಲಿ ಮೆಟ್ಟಿ ಹೊರಗೆ ಹೋದ. ದೀಪ ಹಚ್ಚಿದ್ದೇ ತಡ, ಅಮ್ಮ "ನನ್ನ ಮನೆಗೆ ಕಳ್ಸು" ಎಂದು ಬಾಗಿಲು ಬಡಿದಳು, ನನ್ನನ್ನು ಕಳ್ಳಿ ಎಂದಳು, ಬಾಯಿಗಿಟ್ಟ ಗಂಜಿಯನ್ನು ನನ್ನ ಮೇಲೆಯೇ ಉಗುಳಿದಳು. ಅಪ್ಪ ಹೋಗಿ ಇನ್ನೂ ತಾಸಾಗಿರಲಿಲ್ಲ, ಆ ವಿಚಾರ ನನಗೂ ಬಂತು. ಪೂರ್ತಿ ನಾಲ್ಕು. ಇದನ್ನು ಒಳಗಿಟ್ಟುಕೊಂಡೇ ಅಪ್ಪ ವರ್ಷಗಟ್ಟಲೆ ಅವಳ ತಲೆ ಬಾಚಿದ್ದ, ಮೀನಿನ ಮುಳ್ಳು ಬಿಡಿಸಿ ಉಣಿಸಿದ್ದ. ಇವನು ಎಂಥ ಮನುಷ್ಯ ಎಂದು ಬೆರಗಾಗಿ ಕೂತೆ. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನಾನು ಅವನನ್ನು ನೋಡಿರಲೇ ಇಲ್ಲ.

ವಾಪಸು ಬಂದ ಅಪ್ಪ ನನ್ನ ಮುಖ ನೋಡಿದ.

"ಬಂತಾ?"

"ಹೂಂ."

ಬೈಯಲಿಲ್ಲ. ಗಂಜಿಯ ಬಟ್ಟಲು ನನ್ನ ಕೈಯಿಂದ ತೆಗೆದುಕೊಂಡು, "ನಾಳೆನೂ ಬತ್ತದೆ. ನಾಳೆನೂ ನೀನೇ ಕೂತ್ಕ" ಎಂದ.