ಬೇರೆಯಕ್ಕ

ಆ ಹೆಸರನ್ನು ಇಟ್ಟದ್ದು ಬೀದಿಯೇ. ಬೆಳಗಾದರೆ ಕಸದ ಲಾರಿಯ ಮುಂದೆ ಸೀಟಿ ಊದುತ್ತ ಬರುವಳು, ಯಾರ ಬುಟ್ಟಿ ಕಂಡರೂ ಅವಳದು ಒಂದೇ ಮಾತು: "ಬೇರೆ ಮಾಡಿದೀರಾ? ಹಸಿ ಬೇರೆ, ಒಣ ಬೇರೆ."

ಮೊದಮೊದಲು ಮೂಲೆಮನೆಯ ಅತ್ತೆ ರೇಗಿದ್ದಳು. "ಸೊಸೆ ಬಂದ ಮೇಲೂ ಈ ಮನೇಲಿ ಯಾರೂ ಬೇರೆ ಆಗಿಲ್ಲ. ಕಸಾನ ಬೇರೆ ಹಾಕ್ಸೋಕೆ ಬಂದ್ಲು ನೋಡು, ಮಹರಾಯ್ತಿ!"

ಬೀದಿಯೆಲ್ಲ ನಕ್ಕಿತು. ಅವಳೂ ನಕ್ಕಳು. "ಕಸ ಬೇರೆ ಆದ್ರೆ ಮನೆ ಒಂದಾಗಿರುತ್ತೆ ಕಣಮ್ಮ," ಅಂದಳು. ಅಂದಿನಿಂದ ಅವಳು ಬೇರೆಯಕ್ಕ.

ಬೈಗುಳ ತಿಂದಳು. ಮುಖದ ಮೇಲೆ ಬಾಗಿಲು ಹಾಕಿಸಿಕೊಂಡಳು. ತರಕಾರಿ ಸಿಪ್ಪೆಯ ಜೊತೆ ಒಡೆದ ಗಾಜು ಹಾಕಿದವರ ಮುಂದೆ ಅಂಗೈ ಬಿಚ್ಚಿ ಹಳೆಯ ಗಾಯದ ಗೆರೆ ತೋರಿಸಿದಳು. ಕಲ್ಲಿನ ಮೇಲೆ ನೀರು ಬಿದ್ದು ಬಿದ್ದು ಗುಳಿಯಾಗುವಂತೆ ಬೀದಿ ನಿಧಾನವಾಗಿ ಒಲಿಯಿತು. ಈಗ ಅತ್ತೆಯೇ ಸೊಸೆಗೆ ಪಾಠ ಹೇಳುವಳು. ಚಿತ್ರಕಲೆ ಕಲಿಸಿ ನಿವೃತ್ತರಾದ ಮೇಷ್ಟ್ರಂತೂ ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು, ಬಟ್ಟೆಯ ತಂತಿಗೆ ನೀಲಿ ಕ್ಲಿಪ್ಪು ಹಾಕಿ ಸಾಲಾಗಿ ಒಣಗಿಸುತ್ತಿದ್ದರು. ಗಾಳಿ ಬಂದರೆ ಅವು ಸಣ್ಣಗೆ ಪಟಪಟ ಅನ್ನುವವು. ಆ ಸದ್ದು ಕಿವಿಗೆ ಬಿದ್ದ ದಿನ ಅವಳ ಹೆಜ್ಜೆ ಹಗುರ.

ಲಾರಿ ಓಡಿಸುವವನು ಅವಳ ತಮ್ಮ. ತಾಯಿ ಸತ್ತಾಗ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬಾರದ ಮಗು. ಸೊಂಟದ ಮೇಲೆ ಹೊತ್ತು ಸಾಕಿದಳು, ಅವನ ಮದುವೆ ಮಾಡಿ ತನ್ನದನ್ನು ಮರೆತಳು. ಒಂದೇ ಮನೆ, ಒಂದೇ ಒಲೆ. ಲಾರಿ ನಾಲ್ಕೂ ಕಡೆ ಮುಚ್ಚಿದ್ದು. ಹಸಿ ಕಸಕ್ಕೆ ಒಂದು ಬಾಯಿ, ಒಣ ಕಸಕ್ಕೆ ಇನ್ನೊಂದು, ಒಳಗೆ ನಡುವೆ ಅಡ್ಡಹಲಗೆ. ಆ ಹಲಗೆಗೆ ಹಸಿರು ಬಣ್ಣ ಬಳಿದವನು ತಮ್ಮನೇ, ಮನೆಯ ಮುಂದೆಯೇ. ಬಣ್ಣ ಆರುವ ಮುಂಚೆ ಮುಟ್ಟಿನೋಡಿ ಅವಳು ಬೈಸಿಕೊಂಡಿದ್ದಳು. ಹೆಬ್ಬೆರಳಿನ ಗುರುತು ಅಲ್ಲೇ ಉಳಿದಿತ್ತು. ಯಾರಾದರೂ ಕಸ ಬೆರೆಸಿ ತಂದರೆ ಅವನು ಕಿಟಕಿಯಿಂದ ಕತ್ತು ಚಾಚಿ, "ಅಕ್ಕ ಹೇಳಿದ್ದು ಕೇಳಿಸ್ಲಿಲ್ವಾ?" ಎನ್ನುವನು. ಅವಳಿಗೆ ಎದೆ ತುಂಬಿ ಬರುವುದು. ಬೀದಿಯ ತುದಿಗೆ ಅವಳ ಕೆಲಸ ಮುಗಿಯುವುದು, ಅಲ್ಲಿಂದಾಚೆ ತಮ್ಮನದು. ಆಚೆಗೆ ಅವಳು ಎಂದೂ ಹೋದವಳಲ್ಲ. ಬೆನ್ನಿಗೆ ಬಿದ್ದವನು ಇರುವಾಗ ಹೋಗಿ ನೋಡುವುದೇನು?

ಒಂದು ಬೆಳಗ್ಗೆ ಮೇಷ್ಟ್ರು ಹಲ್ಲಿನ ಸೆಟ್ಟನ್ನು ಕಾಗದದಲ್ಲಿ ಸುತ್ತಿಟ್ಟು ಸ್ನಾನಕ್ಕೆ ಹೋದರು. ಅವರ ಸೊಸೆ ಬರೀ ಕಾಗದವೆಂದು ಒಣ ಕಸಕ್ಕೆ ಹಾಕಿಬಿಟ್ಟಳು. ಗೊತ್ತಾಗುವ ಹೊತ್ತಿಗೆ ಲಾರಿ ಹೋಗಿಯಾಗಿತ್ತು.

"ಒಣ ಕಸದಲ್ಲಿದ್ರೆ ಎಲ್ಲಿಗೂ ಹೋಗಲ್ಲ ಮೇಷ್ಟ್ರೇ. ಶೆಡ್ಡಲ್ಲಿ ಒಂದೊಂದೇ ಆರಿಸಿ ಇಡ್ತಾರೆ. ನಾನೇ ಹೋಗಿ ತರ್ತೀನಿ," ಅಂದಳು.

ಮೇಷ್ಟ್ರು ಬೊಚ್ಚುಬಾಯಿಗೆ ಟವೆಲ್ ಅಡ್ಡ ಹಿಡಿದು, "ನೀನು ಹೇಳಿದ ಮೇಲೆ ಬಾಯಿಗೆ ಬಂದ ಹಾಗೇ ಬಿಡು," ಎಂದು ನಕ್ಕರು.

ಬಸ್ಸು ಹಿಡಿದು ಊರ ಹೊರಗಿನ ಶೆಡ್ಡಿಗೆ ಹೋದಳು. ಬಾಗಿಲಿಗೆ ಬೀಗ, ಬೀಗಕ್ಕೆ ತುಕ್ಕು. ಕಾವಲಿನ ಮುದುಕ ನೆರಳಲ್ಲಿ ಕೂತು ಚಪ್ಪಲಿ ಹೊಲಿಯುತ್ತಿದ್ದ.

"ಕಸ ಆರಿಸೋರು ಎಲ್ಲಿ ತಾತ?"

"ಯಂತ್ರ ಕೆಟ್ಟು ಯಾವ ಕಾಲ ಆಯ್ತು! ಅವರೆಲ್ಲ ಎತ್ತಲೋ ಹೋದ್ರು. ಈಗ ಎಲ್ಲಾ ಸೀದಾ ಗುಂಡಿಗೇ."

"ಬೇರೆಯೋರದು ಇರಬಹುದು. ನಮ್ಮ ಲಾರಿ ಇಲ್ಲಿಗೇ ಬರುತ್ತೆ. ಒಳಗೆ ಹಸಿರು ಹಲಗೆ ಇರೋದು."

"ಹಸಿರು ಹಲಗೆನಾ?" ಮುದುಕ ಪಕ್ಕಕ್ಕೆ ಸರಿದ. "ಇದೇನಾ ನೋಡು. ಡ್ರೈವರಪ್ಪ ಕೊಟ್ಟ. ಕೂರೋಕೆ ಭಾಳ ಚೆನ್ನಾಗಿದೆ. ಬಾ, ಕೂತ್ಕೋ."

ಎರಡು ಕಲ್ಲುಗಳ ಮೇಲೆ ಹಲಗೆ ಮಲಗಿತ್ತು. ತುದಿಯಲ್ಲಿ ಅವಳ ಹೆಬ್ಬೆರಳು.

ಅವಳು ಕೂರಲಿಲ್ಲ. ಶೆಡ್ಡಿನ ಹಿಂದಕ್ಕೆ ನಡೆದಳು. ಗುಂಡಿಯ ಅಂಚಿನಲ್ಲಿ ಲಾರಿ ಬೆನ್ನೆತ್ತಿ ನಿಂತಿತ್ತು. ಎರಡು ಬಾಯಿ ತಿಂದದ್ದು ಒಂದೇ ಹೊಟ್ಟೆಯಿಂದ ಸುರಿಯುತ್ತಿತ್ತು: ಕೊಳೆತ ಹಣ್ಣು, ಪತ್ರಿಕೆ, ಅನ್ನ, ಬಾಟಲಿ. ಗಂಜಿಯಲ್ಲಿ ಅದ್ದಿದ ಒಂದು ಹಾಲಿನ ಪ್ಯಾಕೆಟ್ಟಿಗೆ ನೀಲಿ ಕ್ಲಿಪ್ಪು ಇನ್ನೂ ಅಂಟಿಕೊಂಡಿತ್ತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಒಂದಿಡೀ ಬೀದಿಯ ಕೈಯಲ್ಲಿ ತೊಳೆಸಿದ್ದಳು.

ತಮ್ಮ ಎಂಜಿನ್ ನಿಲ್ಲಿಸಿ ಇಳಿದ. "ನೀನ್ಯಾಕೆ ಬಂದೆ ಅಕ್ಕ ಇಲ್ಲಿಗೆ? ನಾತ."

"ಯಾವಾಗಿಂದ?"

ಅವನು ಚಕ್ರವನ್ನು ಒದ್ದ. "ಶೆಡ್ ಮುಚ್ಚಿದಾಗಿಂದ. ಬೀದಿಗೆ ತಿಳೀಬಾರ್ದು ಅಂದ ಸೂಪರ್‌ವೈಸರ್. ತಿಳಿದ್ರೆ ನಿನ್ನ ಯಾಕೆ ಇಟ್ಕೋತಾರೆ? ನಿನಗೋಸ್ಕರಾನೇ ಸುಮ್ನಿದ್ದೆ."

"ಸುಮ್ನಿದ್ಯಾ? ದಿನಾ ಕಿಟಕೀಲಿ ಕತ್ತು ಹಾಕಿ ಜನಕ್ಕೆ ಬುದ್ಧಿ ಹೇಳ್ತಿದ್ಯಲ್ಲೋ."

"ಹೇಳ್ದೆ ಇದ್ರೆ ನಿನಗೆ ಅನುಮಾನ ಬರ್ತಿತ್ತು." ಅವನ ದನಿ ಸಣ್ಣದಾಯಿತು. "ಊಟಕ್ಕೆ ಕೂತು, ಇವತ್ತು ಆ ಮನೆಯೋರೂ ಬೇರೆ ಮಾಡಿದ್ರು ಅಂತ ಮಗು ಥರ ಹೇಳ್ತಿದ್ದೆ. ಹೇಗಕ್ಕ ಹೇಳ್ಲಿ? ಇವಳೂ ಬೇಡ ಅಂದ್ಲು."

ಇವಳು. ಹಾಗಾದರೆ ತಮ್ಮನ ಹೆಂಡತಿಗೂ ಗೊತ್ತು. ಬಡಿಸುತ್ತ ಬಡಿಸುತ್ತ ಅವಳು ಗಂಡನತ್ತ ನೋಡಿ ನಗುತ್ತಿದ್ದುದು ನೆನಪಾಯಿತು. ಅದನ್ನು ಬೇರೆಯಕ್ಕ ಅಕ್ಕರೆಯೆಂದುಕೊಂಡಿದ್ದಳು. ಎಷ್ಟು ಊಟ ಆ ನಗುವಿನ ಎದುರು ಮಾಡಿದ್ದಳೋ! ಕೋಲು ಹಿಡಿದು ಬಿಸಿಲು ಇಳಿಯುವವರೆಗೆ ಗುಂಡಿ ಕೆದಕಿದಳು. ಹಲ್ಲು ಸಿಗಲಿಲ್ಲ.

ಮರುದಿನ ಅವಳು ಸೀಟಿ ಊದದೆಯೇ ಲಾರಿಯ ಮುಂದೆ ಬೀದಿಗೆ ಬಂದಳು. ಮೇಷ್ಟ್ರು ಒಣಗಿದ ಪ್ಯಾಕೆಟ್ಟುಗಳನ್ನು ಮಡಿಸಿ ಹಿಡಿದು ಕಾಯುತ್ತಿದ್ದರು. ಸುಮ್ಮನೆ ತೆಗೆದುಕೊಂಡರೆ ಯಾರಿಗೂ ತಿಳಿಯುತ್ತಿರಲಿಲ್ಲ, ಕೆಲಸವೂ ಉಳಿಯುತ್ತಿತ್ತು. ಅವಳು ಕೈ ಚಾಚಲಿಲ್ಲ.

"ಹಲ್ಲು ಸಿಗಲಿಲ್ಲ ಮೇಷ್ಟ್ರೇ. ಇನ್ಮೇಲೆ ಇದನ್ನ ತೊಳೀಬೇಡಿ. ಹಸಿ ಒಣ ಎಲ್ಲಾ ಒಂದೇ ಗುಂಡಿಗೆ ಹಾಕ್ತಿದಾರೆ. ಬಹಳ ಕಾಲದಿಂದ."

"ನಿನಗೆ ಗೊತ್ತಿತ್ತಾ?"

"ಇಲ್ಲ."

"ಗೊತ್ತಿಲ್ದೆ ಇರುತ್ತಾ?" ಮೂಲೆಮನೆಯ ಅತ್ತೆ ಬುಟ್ಟಿ ಕುಕ್ಕಿದಳು. "ಓಡ್ಸೋನು ಒಡಹುಟ್ಟಿದೋನು! ಅಕ್ಕ ತಮ್ಮ ಸೇರ್ಕೊಂಡು ನಮ್ಮ ಕಿವಿಗೆ ಹೂವಿಟ್ರು."

ಮೇಷ್ಟ್ರು ಪ್ಯಾಕೆಟ್ಟುಗಳನ್ನು ಎದೆಗೆ ಒತ್ತಿಕೊಂಡು ಒಳಗೆ ಹೋದರು. ಅವರು ನಂಬಿದರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ತಮ್ಮ ಹಾರ್ನ್ ಒತ್ತಿದ. ಅವಳು ಕೊರಳಿನ ಸೀಟಿ ತೆಗೆದು ಲಾರಿಯ ಕನ್ನಡಿಗೆ ನೇತುಹಾಕಿದಳು.

"ಹುಚ್ಚಾ ಅಕ್ಕ ನಿನಗೆ? ಕೆಲಸ ಬಿಟ್ಟು ಏನ್ ತಿಂತೀಯ? ಸರಿ, ಮನೆಗೆ ನಡಿ, ಸಂಜೆ ಮಾತಾಡೋಣ."

"ಸಂಜೆಯಿಂದ ನನ್ನ ಒಲೆ ಬೇರೆ."

"ಏನಂದೆ?"

"ಬೇರೆ," ಎಂದಳು ಬಿಡಿಸಿ, ಮನೆಮನೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಅದೇ ದನಿಯಲ್ಲಿ.