ಬ್ಯಾಗು ಕಾಯುವ ತಂಗಿ

ಪುಣೆಯ ನಮ್ಮ ಕನ್ನಡ ಚರ್ಚಿನಲ್ಲಿ ಇವತ್ತಿನ ತನಕ ಒಂದು ಬ್ಯಾಗೂ ಕಳುವಾಗಿಲ್ಲ. ಅದಕ್ಕೆ ಕಾರಣ ನನ್ನ ತಂಗಿ ಕರುಣಾ.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಕರ್ತನ ಭೋಜನ. ಒಂದೊಂದೇ ಸಾಲು ಎದ್ದು ಮುಂದೆ ಹೋಗಿ, ಮಂಡಿಯೂರಿ, ರೊಟ್ಟಿಯ ಚೂರು ಮತ್ತು ದ್ರಾಕ್ಷಾರಸ ತೆಗೆದುಕೊಂಡು ಬರುತ್ತದೆ. ಆಗ ಪರ್ಸು, ಮೊಬೈಲು, ಟಿಫಿನ್ ಚೀಲ ಎಲ್ಲಾ ಬೆಂಚಿನ ಮೇಲೆ. ಪಕ್ಕದಲ್ಲಿ ಕರುಣಾ. ನಲವತ್ತೊಂದು ವರ್ಷದ ಹೆಂಗಸು, ಬುದ್ಧಿ ಆರೇಳು ವರ್ಷದ್ದು (ಡಾಕ್ಟರ್ ಹೇಳಿದ್ದು, ನಾನಲ್ಲ). "ಕರುಣಾ ಆಹೇ ನಾ, ಟೆನ್ಶನ್ ನಾಹೀ!" ಎಂದು (ಕರುಣಾ ಇದ್ದಾಳಲ್ಲ, ಚಿಂತೆಯಿಲ್ಲ ಅಂತ) ಹಿಂದಿನ ಬೆಂಚಿನವರು ಮರಾಠಿಯಲ್ಲಿ ಹೇಳಿ, ಹೆಲ್ಮೆಟ್ಟನ್ನೂ ಅವಳ ಮಡಿಲಿಗೆ ಹಾಕಿ ಹೋಗುತ್ತಾರೆ. ನನಗೆ ಹೆಮ್ಮೆ ಎನಿಸುತ್ತಿತ್ತು. ನೋಡಿ, ನನ್ನ ತಂಗಿಯೂ ಉಪಯೋಗಕ್ಕೆ ಬರುತ್ತಾಳೆ!

ಆ ಹೆಮ್ಮೆ ಕಳೆದ ತಿಂಗಳು ಮುಗಿಯಿತು.

ಒಂದು ಶನಿವಾರ ಚರ್ಚಿನಲ್ಲಿ ಭಾಷಣ ಇತ್ತು. ಪಾಶ್ಚಾತ್ಯ ತತ್ವಜ್ಞಾನ ಮತ್ತು ಇಂದಿನ ನಮ್ಮ ಬದುಕು. ಮಾತಾಡಿದವರು ಧಾರವಾಡದಿಂದ ಬಂದ, ಕಾಲೇಜಿನಿಂದ ನಿವೃತ್ತರಾದ ಒಬ್ಬ ಸರ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ರಾಂಜಣಗಾಂವದ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುವವನಿಗೆ ಅಲ್ಲೇನು ಕೆಲಸ ಅನ್ನುತ್ತೀರಾ? (ಭಾಷಣದ ನಂತರ ಅವಲಕ್ಕಿ ಇತ್ತು.) ಆದರೆ ಸರ್ ಹೇಳಿದ್ದು ನನ್ನಂಥವನಿಗೂ ತಿಳಿಯಿತು.

ಗ್ರೀಕರ ಕಾಲದಿಂದಲೂ ಪಶ್ಚಿಮದ ದೊಡ್ಡವರು ಮನುಷ್ಯನನ್ನು ಅಳೆದದ್ದು ಬುದ್ಧಿಯಿಂದಂತೆ. ಪ್ರಾಣಿಗೂ ಮನುಷ್ಯನಿಗೂ ಇರುವ ವ್ಯತ್ಯಾಸವೇ ಯೋಚನೆ ಎಂದರಂತೆ. ಮುಂದೆ ಒಬ್ಬರು ಇಡೀ ಜಗತ್ತನ್ನೇ ಅನುಮಾನಿಸಿ, ಕೊನೆಗೆ ತಮ್ಮ ಯೋಚನೆ ಒಂದನ್ನೇ ನಂಬಿದರು. ಇನ್ನು ಕೆಲವರು, ಹೆಚ್ಚು ಜನಕ್ಕೆ ಯಾವುದರಿಂದ ಪ್ರಯೋಜನವೋ ಅದೇ ಒಳ್ಳೆಯದು ಎಂದರು. ಇದರಿಂದ ವಿಜ್ಞಾನ ಬೆಳೆಯಿತು, ಕಾನೂನು ಬೆಳೆಯಿತು, ಅದನ್ನು ಮರೆಯಬಾರದು ಎಂದೂ ಸರ್ ಹೇಳಿದರು.

"ಆದರ ಆ ಅಳತಿಪಟ್ಟಿ ಈಗ ನಮ್ಮ ಮನಿಯೊಳಗೂ ಬಂದದ. ಮಗಂದು ಮಾರ್ಕ್ಸ್ ಎಷ್ಟು, ಅಳಿಯಂದು ಪ್ಯಾಕೇಜ್ ಎಷ್ಟು, ಮುದುಕಪ್ಪನಿಂದ ಏನ ಉಪಯೋಗ? ಬೈಬಲ್ ಹಂಗ ಅಳಿಯೂದಿಲ್ರಿ. ಮನುಷ್ಯಾ ದೇವರ ಸ್ವರೂಪದಾಗ ಹುಟ್ಟ್ಯಾನ. ಬುದ್ಧಿ ಇದ್ರೂ ಅಷ್ಟ, ಇರದಿದ್ರೂ ಅಷ್ಟ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಯಾರು? ನಾನೇ. ಎದ್ದು ನಿಂತು ಮಾತನ್ನೂ ಆಡಿದೆ. "ಖರೇ ಅದರಿ ಸರ್. ಈ ವೆಸ್ಟರ್ನ್ ಕಲ್ಚರಿನಿಂದನ ನಮ್ಮ ಮಂದಿ ಕೆಟ್ಟಾರ."

ಅವಲಕ್ಕಿಯ ತಟ್ಟೆ ಹಿಡಿದು ಸರ್ ನನ್ನ ಹತ್ತಿರ ಬಂದರು. ಚೀಲಗಳ ನಡುವೆ ಕೂತಿದ್ದವಳನ್ನು ತೋರಿಸಿ, "ಆ ತಂಗಿ ಯಾರ್ರಿ? ನಾಷ್ಟಾಕ್ಕ ಬರಂಗಿಲ್ಲೇನು?" ಎಂದರು.

"ನನ್ನ ತಂಗೀನರಿ. ಬ್ಯಾಗ್ ನೋಡ್ಕೋತಾಳ. ಭೋಜನದ ದಿನಾನೂ ಆಕೀದ ಡ್ಯೂಟಿ."

"ಹಂಗಾರ ಆಕಿ ಭೋಜನ ತಗೊಳ್ಳೂದು ಯಾವಾಗ?"

"ಇಲ್ರಿ ಸರ್. ಆಕಿಗೆ ಅದೆಲ್ಲಾ ತಿಳಿಯೂದಿಲ್ಲ."

ಸರ್ ಚಮಚೆಯಿಂದ ಅವಲಕ್ಕಿ ಕೆದಕುತ್ತ ನಿಂತರು. ಆಮೇಲೆ, "ನಿಮಗ ತಿಳೀತದೇನ್ರಿ?" ಎಂದು ಕೇಳಿದರು. ದನಿಯಲ್ಲಿ ವ್ಯಂಗ್ಯ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ನನಗೇನು ತಿಳಿದಿದೆ? ಭೋಜನಕ್ಕೆ ಸೇರಿಸಿಕೊಳ್ಳುವ ಮೊದಲು ನಮ್ಮಲ್ಲಿ ಒಂದು ಪರೀಕ್ಷೆ ಇರುತ್ತದೆ. ಹದಿನಾರನೇ ವಯಸ್ಸಿನಲ್ಲಿ ನಾನು ದಶಾಜ್ಞೆ ಹೇಳುತ್ತ ನಾಲ್ಕನೆಯದಕ್ಕೇ ತಡವರಿಸಿ ನಿಂತಿದ್ದೆ. ಆಗಿನ ಪಾದ್ರಿ, ಹಳೆಯ ಅಯ್ಯನವರು, "ಸಾಕ್ ಬಿಡಪಾ, ಕೂಡು" ಎಂದು ಪಾಸು ಮಾಡಿದರು. ಇವತ್ತಿಗೂ ಆ ರೊಟ್ಟಿಯ ಅರ್ಥ ಕೇಳಿದರೆ ಬಾಯಿಪಾಠದ ಎರಡು ಸಾಲು ಬಿಟ್ಟು ಮೂರನೆಯದು ನನಗೆ ಬರುವುದಿಲ್ಲ.

ಕರುಣಾಳ ಸರದಿ ಬಂದಾಗ ಅವಳಿಗೆ ಹದಿನೆಂಟು. ಅವ್ವ ಆ ದಿನಕ್ಕೆಂದು ಬಿಳಿ ಸೀರೆ ತಂದಿಟ್ಟಿದ್ದಳು. ಅಯ್ಯನವರ ಹತ್ತಿರ ಹೋಗಿ "ಆಕಿಗೆ ತಿಳಿಯೂದಿಲ್ರಿ, ಬ್ಯಾಡ" ಎಂದವನು ನಾನು. ನಿಜವಾದ ಕಾರಣ ಬೇರೆ. ಆಗ ನನಗೆ ಕನ್ಯೆ ನೋಡುತ್ತಿದ್ದರು. ಖುಷಿಯಾದರೆ ಕರುಣಾ ಜೋರಾಗಿ ನಗುತ್ತಾಳೆ. ಕನ್ಯೆಯ ಕಡೆಯವರು ಅದೇ ಚರ್ಚಿನಲ್ಲಿ ಕೂತಿರುತ್ತಾರೆ. ಮಂಡಿಯೂರಿದ ಕಡೆ ಇವಳು ನಕ್ಕುಬಿಟ್ಟರೆ?

ಇದರಲ್ಲಿ ಯಾವ ಗ್ರೀಕ, ಯಾವ ಯುರೋಪಿನವ? ಅವರ ಸುದ್ದಿಯೂ ಗೊತ್ತಿಲ್ಲದ ಕಾಲದಲ್ಲೇ ನಾನು ಅವರ ಅಳತೆಪಟ್ಟಿ ಹಿಡಿದು ನಿಂತಿದ್ದೆ. ನನ್ನ ಅನುಕೂಲಕ್ಕೆ.

ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು. ಆಮೇಲಾದರೂ ಅವಳನ್ನು ಸೇರಿಸಬಹುದಿತ್ತಲ್ಲ? ಸೇರಿಸಲಿಲ್ಲ. ಅಷ್ಟರಲ್ಲಿ ಅವಳು ಬ್ಯಾಗು ಕಾಯುವುದು ಎಲ್ಲರಿಗೂ ರೂಢಿಯಾಗಿಬಿಟ್ಟಿತ್ತು.

ಭಾಷಣದ ಮರುದಿನ, ಕರುಣಾಳನ್ನೂ ಭೋಜನಕ್ಕೆ ಸೇರಿಸಿಕೊಳ್ಳಿ ಎಂದು ಈಗಿನ ಅಯ್ಯನವರ ಮುಂದೆ ನಿಂತೆ. ವಾದಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ವಾದ ಮಾಡಲಿಲ್ಲ. "ಎರಡ ಪ್ರಶ್ನಿ ಕೇಳ್ತೀನಿ, ಆಕಿ ಹೂಂ ಅಂದ್ರ ಸಾಕು. ಇಷ್ಟ ವರ್ಷ ನೀವ್ಯಾಕ ಕೇಳಲಿಲ್ರಿ?"

ಅವರಿಗೆ ಉತ್ತರ ಕೊಡಲಿಲ್ಲ. ನಿಮಗೆ ಕೊಡುತ್ತಿದ್ದೇನೆ.

ಈ ತಿಂಗಳ ಮೊದಲ ಭಾನುವಾರ ಅಯ್ಯನವರು ಎರಡು ಪ್ರಶ್ನೆ ಕೇಳಿದರು. ಕರುಣಾ ಎರಡಕ್ಕೂ ಹೂಂ ಅಂದಳು. ನಮ್ಮ ಸಾಲು ಏಳುವ ಹೊತ್ತಿಗೆ, "ಏಳವಾ, ನೀನೂ ಹೋಗಬೇಕು" ಎಂದೆ. ಅವಳು ಗಾಬರಿಯಾಗಿ ಚೀಲಗಳನ್ನು ಎದೆಗೆ ಅವಚಿಕೊಂಡಳು.

"ಬ್ಯಾಗ್ ಯಾರ ನೋಡ್ತಾರಣ್ಣಾ?"

ಇಪ್ಪತ್ತಮೂರು ವರ್ಷದಲ್ಲಿ ನಾನು ಅವಳಿಗೆ ಕಲಿಸಿದ್ದು ಇದೊಂದೇ.

"ನಾ ನೋಡ್ತೀನಿ. ನೀ ವೈನಿ ಜೋಡಿ ಹೋಗು."

ನನ್ನ ಹೆಂಡತಿ ಅವಳ ಕೈಹಿಡಿದು ಕರೆದುಕೊಂಡು ಹೋದಳು. ನಾನು ಎಂಟು ಚೀಲ, ಎರಡು ಹೆಲ್ಮೆಟ್ ಇಟ್ಟುಕೊಂಡು ಕೂತೆ. ಮುಂದೆ ಮಂಡಿಯೂರಿದ ಕರುಣಾ ನಕ್ಕಳು. ಜೋರಾಗಿ, ಇಡೀ ಚರ್ಚಿಗೆ ಕೇಳುವ ಹಾಗೆ. ಒಂದೆರಡು ತಲೆಗಳು ತಿರುಗಿದವು, ಮತ್ತೆ ಬಗ್ಗಿದವು.

ಇಷ್ಟಕ್ಕಾಗಿ ಇಪ್ಪತ್ತಮೂರು ವರ್ಷ.

ವಾಪಸು ಬಂದವಳು ನನ್ನನ್ನು ಪಕ್ಕಕ್ಕೆ ಸರಿಸಿ ಕೂತಳು. ಒಂದೊಂದೇ ಚೀಲ ಮುಟ್ಟಿ, ಜಿಪ್ ಎಳೆದು ನೋಡಿ, ಎಲ್ಲ ಇವೆ ಎಂದು ಖಾತ್ರಿ ಮಾಡಿಕೊಂಡಳು.

ನನ್ನ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಯಾಕಿರಬೇಕು?